ಬೆರಳಿಗೂ ಮೊದಲು ಕಿವಿ

ಗಿಟಾರ್ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಒಂದು ಹಾಡಿನ ಕಾಟ ತಪ್ಪಿದ್ದಲ್ಲ. ಗೋಡೆಗೆ ತೂಗುಹಾಕಿದ ವಾದ್ಯವನ್ನು ಇಳಿಸಿಕೊಂಡು ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದ ಹುಡುಗ ಬಹಳ ಸಲ ಮೊದಲು ನುಡಿಸಿ ನೋಡುವುದು 'ಸ್ಮೋಕ್ ಆನ್ ದ ವಾಟರ್' ಹಾಡಿನ ಆರಂಭವನ್ನೇ. ಬ್ರಿಟನ್ನಿನ ಡೀಪ್ ಪರ್ಪಲ್ ತಂಡ 1972ರ 'ಮಷೀನ್ ಹೆಡ್' ಆಲ್ಬಮ್ಮಿನಲ್ಲಿ ಹೊರತಂದ ಈ ಹಾಡು ಅರ್ಧ ಶತಮಾನದಿಂದ ಗಿಟಾರ್ ಕಲಿಯುವವರ ಮೊದಲ ಪಾಠವಾಗಿ ಕೂತಿದೆ. 2007ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1,700ಕ್ಕೂ ಹೆಚ್ಚು ಜನ ಗಿಟಾರ್ ಹಿಡಿದು ಒಟ್ಟಿಗೆ ಇದನ್ನು ನುಡಿಸಿದರು. ಅಷ್ಟು ಜನ ಏಕಕಾಲಕ್ಕೆ ನುಡಿಸಬಲ್ಲ ಹಾಡು ಕಷ್ಟದ್ದಾಗಿರಲು ಸಾಧ್ಯವಿಲ್ಲ ಎಂದೇ ಎಲ್ಲರ ಭಾವನೆ.

ಭಾವನೆ ಅರ್ಧ ಸರಿ. ಈ ಹಾಡಿಗೆ ಬೆರಳು ಹೆಚ್ಚು ದಣಿಯುವುದಿಲ್ಲ, ನಿಜ. ಆದರೆ ಇಷ್ಟು ಜನ ನುಡಿಸುವ ಹಾಡುಗಳಲ್ಲಿ ಇದರಷ್ಟು ತಪ್ಪಾಗಿ ನುಡಿಸಲ್ಪಡುವ ಇನ್ನೊಂದು ಇರಲಾರದು. ತಪ್ಪು ಹುಟ್ಟುವುದು ಬೆರಳಲ್ಲಲ್ಲ. ಹಾಡನ್ನು ಕೇಳುವುದಕ್ಕೆ ಮೊದಲೇ ಅದನ್ನು ಹಾಳೆಯ ಮೇಲೋ ತೆರೆಯ ಮೇಲೋ ಓದಿಬಿಡುತ್ತಾರಲ್ಲ, ಅಲ್ಲಿ. ರಾಕ್ ಸಂಗೀತದ ಹಾಡೊಂದನ್ನು ಕಲಿಯುವವರು ಕಣ್ಣನ್ನು ಎರಡನೆಯ ಸ್ಥಾನದಲ್ಲಿಟ್ಟು ಕಿವಿಯಿಂದ ಶುರುಮಾಡಬೇಕು ಎಂಬ ವಾದಕ್ಕೆ ಈ 'ಅತಿ ಸುಲಭ'ದ ಹಾಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಡು ಹುಟ್ಟಿದ ಕಥೆ ಬಹಳ ಜನರಿಗೆ ಗೊತ್ತು. 1971ರ ಡಿಸೆಂಬರಿನಲ್ಲಿ ಡೀಪ್ ಪರ್ಪಲ್ ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣಕ್ಕೆ ಬಂದಿಳಿದದ್ದು ಅಲ್ಲಿನ ಕ್ಯಾಸಿನೋ ಕಟ್ಟಡದಲ್ಲಿ ಆಲ್ಬಮ್ ಧ್ವನಿಮುದ್ರಿಸಲು. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋವನ್ನು ಬಾಡಿಗೆಗೆ ಹಿಡಿದಿದ್ದರು. ಡಿಸೆಂಬರ್ 4ರಂದು ಅದೇ ಕ್ಯಾಸಿನೋದಲ್ಲಿ ಫ್ರ್ಯಾಂಕ್ ಜಾಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಫ್ಲೇರ್ ಗನ್ ಹಾರಿಸಿದ. ಕಟ್ಟಡ ಸುಟ್ಟು ಬೂದಿಯಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮಾಂಟ್ರೋ ಜಾಝ್ ಉತ್ಸವದ ಸ್ಥಾಪಕ ಕ್ಲೋಡ್ ನಾಬ್ಸ್ ಹಲವರನ್ನು ಹೊರಗೆ ತರಲು ನೆರವಾದರು. ಜಿನೀವಾ ಸರೋವರದ ನೀರಿನ ಮೇಲೆ ಹೊಗೆ ಹರಡಿದ್ದನ್ನು ತಂಡದವರು ಕಣ್ಣಾರೆ ಕಂಡರು. ಬೇಸ್ ಗಿಟಾರಿನ ರೋಜರ್ ಗ್ಲೋವರ್‌ಗೆ ಕೆಲವು ದಿನಗಳ ಬಳಿಕ ನಿದ್ದೆಯಿಂದ ಏಳುವಾಗ ಹಾಡಿನ ಹೆಸರು ಹೊಳೆಯಿತು.

ಅಷ್ಟಾಗಿ ಕೇಳಿಬರದ ಭಾಗ ಮುಂದಿನದು. ಕ್ಯಾಸಿನೋ ಹೋದ ಮೇಲೆ ತಂಡಕ್ಕೆ ಸಿಕ್ಕಿದ್ದು ಪೆವಿಲಿಯನ್ ಎಂಬ ರಂಗಮಂದಿರ. ಅಲ್ಲಿ ರಾತ್ರಿ ಹೊತ್ತು ಮುದ್ರಿಸಿಕೊಂಡ ವಾದ್ಯಭಾಗವೇ ಇಂದು ಜಗತ್ತು ಕೇಳುವ ಈ ಹಾಡಿನ ಬೆನ್ನೆಲುಬು. ಸದ್ದಿಗೆ ನಿದ್ದೆಗೆಟ್ಟ ಅಕ್ಕಪಕ್ಕದವರು ದೂರು ಕೊಟ್ಟರು, ಪೊಲೀಸರು ಬಂದರು. ಮುದ್ರಣ ಮುಗಿಯುವವರೆಗೆ ತಂಡದ ಸಹಾಯಕರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದುಕೊಂಡಿದ್ದರಂತೆ. ಉಳಿದ ಆಲ್ಬಮ್ಮನ್ನು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಪಡಸಾಲೆಯಲ್ಲಿ ಮುಗಿಸಿದರು. ಈ ಹಾಡು ಜನಪ್ರಿಯವಾಗುತ್ತದೆಂದು ತಂಡಕ್ಕೇ ಅನ್ನಿಸಿರಲಿಲ್ಲ. ಸಿಂಗಲ್ ಆಗಿ ಹೊರಬಂದದ್ದು 1973ರಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಈಗ ಆ ಆರಂಭದ ತುಣುಕಿಗೆ ಬರೋಣ. ರಾಕ್ ಹಾಡಿನಲ್ಲಿ ಹೀಗೆ ಮರಳಿ ಮರಳಿ ಬರುವ ಗಟ್ಟಿ ಸ್ವರಗುಚ್ಛಕ್ಕೆ ರಿಫ್ ಎನ್ನುತ್ತಾರೆ. ಇಲ್ಲಿರುವುದು ನಾಲ್ಕೇ ಸ್ವರ: ಜಿ, ಬಿ ಫ್ಲ್ಯಾಟ್, ಸಿ, ಡಿ ಫ್ಲ್ಯಾಟ್. ಜಿ ಸ್ವರವನ್ನು ಷಡ್ಜವೆಂದು ಹಿಡಿದರೆ ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ. ಎರಡೂ ಮಧ್ಯಮಗಳು ಒಂದರ ಹಿಂದೊಂದು ಬರುತ್ತವೆ. ಎಪ್ಪತ್ತೆರಡು ಮೇಳಕರ್ತರಾಗಗಳ ವಿಂಗಡಣೆ ನಿಂತಿರುವುದೇ ಮೂವತ್ತಾರಕ್ಕೆ ಒಂದು ಮಧ್ಯಮ, ಉಳಿದ ಮೂವತ್ತಾರಕ್ಕೆ ಇನ್ನೊಂದು ಎಂಬ ನಿಯಮದ ಮೇಲೆ. ಹಿಂದೂಸ್ತಾನಿ ಕೇಳಿ ಬೆಳೆದ ಧಾರವಾಡದವರಿಗೆ ಎರಡು ಮಧ್ಯಮ ಪಕ್ಕಪಕ್ಕ ಬರುವ ಲಲಿತ್ ನೆನಪಾಗಬಹುದು, ರಸ ಮಾತ್ರ ಅಜಗಜಾಂತರ. ಇಲ್ಲಿನ ಆ ನಾಲ್ಕನೆಯ ಸ್ವರ ಬಂದದ್ದು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಿಂದ. ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಇದನ್ನು ಬೀಥೋವನ್ನನ 5ನೇ ಸಿಂಫನಿಯ ಆರಂಭವನ್ನು ತಲೆಕೆಳಗು ಮಾಡಿ ಕಟ್ಟಿದ್ದೆಂದು ಹೇಳಿದ್ದುಂಟು. ಅವರ ಹಾಸ್ಯಪ್ರಜ್ಞೆ ಬಲ್ಲವರು ಆ ಮಾತನ್ನು ಪೂರ್ತಿ ನಂಬುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಕಲಿಯುವ ಪಾಠ ಹೀಗಿದೆ: ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಯನ್ನು ಮೊದಲು ಖಾಲಿ ಮೀಟು, ಆಮೇಲೆ ಮೂರನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), ಐದನೇ ಫ್ರೆಟ್. ಮತ್ತೆ ಖಾಲಿ, ಮೂರು, ಆರು, ಐದು. ಕೇಳಿದ ತಕ್ಷಣ ಗುರುತು ಹತ್ತುತ್ತದೆ, ಹುಡುಗನ ಮುಖ ಅರಳುತ್ತದೆ. ಆದರೆ ಆ ತಂತಿಯ ಶ್ರುತಿ ಇ. ಹಾಗಾಗಿ ಹೀಗೆ ಕಲಿತ ರಿಫ್ ಇ ಶ್ರುತಿಯಲ್ಲಿ ನಿಂತಿದೆ, ಮೂಲ ಹಾಡು ಜಿ ಶ್ರುತಿಯಲ್ಲಿದೆ. ಡೀಪ್ ಪರ್ಪಲ್ ರೆಕಾರ್ಡನ್ನು ಹಾಕಿ ಅದರ ಜೊತೆಗೆ ನುಡಿಸಹೋದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಈ ಜಗಳ ಬಹಳ ಜನರ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಅವರು ರೆಕಾರ್ಡಿನ ಜೊತೆ ಒಮ್ಮೆಯೂ ನುಡಿಸಿಲ್ಲ. ಹಾಡು ಕಲಿತೆನೆಂದುಕೊಂಡವನಿಗೆ ಹಾಡಿನ ಜೊತೆ ಕೂರಲು ಬರುವುದಿಲ್ಲ ಎಂದರೆ ಕಲಿತದ್ದಾದರೂ ಏನು?

ಬ್ಲ್ಯಾಕ್‌ಮೋರ್ ನುಡಿಸುವುದು ಒಂಟಿ ಸ್ವರಗಳನ್ನಲ್ಲ, ಜೋಡಿಗಳನ್ನು. ಮೇಲಿನ ಸ್ವರಕ್ಕೆ ಕೆಳಗಿನಿಂದ ಇನ್ನೊಂದು ಸ್ವರ ಹೆಗಲು ಕೊಡುತ್ತದೆ. ಎರಡರ ನಡುವಿನ ಅಂತರ ಷಡ್ಜ–ಮಧ್ಯಮದ ಅಂತರ. ನಾಲ್ಕನೇ ತಂತಿ ಡಿ, ಮೂರನೇ ತಂತಿ ಜಿ. ಇವೆರಡನ್ನೂ ಎಲ್ಲೂ ಒತ್ತದೆ ಒಟ್ಟಿಗೆ ಮೀಟಿದರೆ ಮೊದಲ ಜೋಡಿ ಸಿಕ್ಕಿತು. ಆಮೇಲೆ ಎರಡೂ ತಂತಿಗಳನ್ನು ಮೂರನೇ, ಐದನೇ, ಆರನೇ ಫ್ರೆಟ್‌ಗಳಲ್ಲಿ ಒಂದೇ ಬೆರಳಿನಿಂದ ಅಡ್ಡಲಾಗಿ ಒತ್ತಬಹುದು. ಆರನೇ ತಂತಿಯ ಪಾಠಕ್ಕಿಂತ ಇದೇನೂ ಕಷ್ಟವಲ್ಲ; ಅಂಕಿಗಳೂ ಹೆಚ್ಚುಕಡಿಮೆ ಅವೇ. ಆದರೂ ಮೊದಲ ಪಾಠದಲ್ಲಿ ಇದು ಸಿಗುವುದು ಕಡಿಮೆ.

ಈ ಜೋಡಿಗೇ ಯಾಕಿಷ್ಟು ಮಹತ್ವ ಎಂಬುದಕ್ಕೆ ಭೌತಶಾಸ್ತ್ರದ ಉತ್ತರವಿದೆ. ಖಾಲಿ ಡಿ ತಂತಿ ಸೆಕೆಂಡಿಗೆ ಸುಮಾರು 147 ಬಾರಿ ಕಂಪಿಸುತ್ತದೆ, ಜಿ ತಂತಿ 196 ಬಾರಿ. ಅನುಪಾತ ಮೂರಕ್ಕೆ ನಾಲ್ಕು. ಆಂಪ್ಲಿಫೈಯರನ್ನು ಅದರ ಶಕ್ತಿಗೂ ಮೀರಿ ದುಡಿಸಿದಾಗ ಹುಟ್ಟುವ ಕರಕರ ನಾದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರಲ್ಲ, ಆ ಸ್ಥಿತಿಯಲ್ಲಿ ಎರಡು ಸ್ವರಗಳ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳಿಸತೊಡಗುತ್ತದೆ. 196ರಿಂದ 147 ಕಳೆದರೆ 49. ಅದು ಮತ್ತೆ ಜಿ ಸ್ವರವೇ, ಎರಡು ಸ್ಥಾಯಿ ಕೆಳಗಿನದು. ಗಿಟಾರಿನ ಅತಿ ತಗ್ಗಿನ ತಂತಿಯೇ 82ಕ್ಕಿಂತ ಕೆಳಗಿಳಿಯುವುದಿಲ್ಲ. ಅಂದರೆ ಯಾರೂ ಮೀಟದ, ಗಿಟಾರಿನಲ್ಲಿ ಇಲ್ಲವೇ ಇಲ್ಲದ ಒಂದು ಮಂದ್ರ ಷಡ್ಜ ಆಂಪ್ಲಿಫೈಯರಿನೊಳಗೆ ಹುಟ್ಟಿ ಇಡೀ ರಿಫ್ಫನ್ನು ಹೊತ್ತು ನಿಲ್ಲುತ್ತದೆ. ಮುಂದಿನ ಜೋಡಿಗಳಲ್ಲೂ ಹೀಗೆಯೇ. ಒಂಟಿ ತಂತಿಯಲ್ಲಿ ಎಷ್ಟೇ ಜೋರಾಗಿ ಬಡಿದರೂ ಆ ತೂಕ ಬಾರದಿರುವುದು ಇದರಿಂದ.

ಇನ್ನೂ ಒಂದು ಸೂಕ್ಷ್ಮ. ಬ್ಲ್ಯಾಕ್‌ಮೋರ್ ಇದನ್ನು ಪಿಕ್‌ನಿಂದ ಬಾರಿಸದೆ ಬೆರಳುಗಳಿಂದ ಎಳೆದು ಬಿಡುತ್ತಾರೆ. ಪಿಕ್ ಮೇಲಿಂದ ಕೆಳಗೆ ಜಾರುವಾಗ ಒಂದು ತಂತಿ ಮೊದಲು, ಇನ್ನೊಂದು ಕೂದಲೆಳೆ ತಡವಾಗಿ ನುಡಿಯುತ್ತದೆ. ಹೆಬ್ಬೆರಳು, ತೋರುಬೆರಳು ಸೇರಿ ಚಿವುಟಿದರೆ ಎರಡೂ ಒಂದೇ ಕ್ಷಣಕ್ಕೆ ಹೊರಡುತ್ತವೆ. ಮೂಲ ರೆಕಾರ್ಡನ್ನು ಹೆಡ್‌ಫೋನಿನಲ್ಲಿ ಕೇಳಿದವರಿಗೆ ಈ ವ್ಯತ್ಯಾಸ ಸ್ಪಷ್ಟ. ಹಾಗೆಯೇ, ಗಿಟಾರಿನ ಜೊತೆಗೆ ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ನೂ ಅದೇ ಸ್ವರಗಳನ್ನು ನುಡಿಸುತ್ತ ಸೇರಿಕೊಳ್ಳುತ್ತದೆ. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿಗೆಂದು ಮಾಡಿದ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸುತ್ತಿದ್ದರು. ಎಲ್ಲಿ ಗಿಟಾರ್ ಮುಗಿದು ಎಲ್ಲಿ ಆರ್ಗನ್ ಶುರುವಾಯಿತೆಂದು ಹೇಳುವುದು ಕಷ್ಟ. ಒಂಟಿ ಗಿಟಾರಿನಲ್ಲಿ ರೆಕಾರ್ಡಿನ ದಪ್ಪ ನಾದ ಬರುತ್ತಿಲ್ಲವೆಂದು ಕೊರಗುವ ಕಲಿಕೆಗಾರ ಈ ಸಂಗತಿ ತಿಳಿದರೆ ಇನ್ನೊಂದು ಎಫೆಕ್ಟ್ ಪೆಡಲ್ ಕೊಳ್ಳುವ ಖರ್ಚಾದರೂ ಉಳಿದೀತು.

ಇಷ್ಟಾಗಿಯೂ ಸ್ವರ, ತಂತಿ, ಬೆರಳು ಯಾವುದೂ ಮುಖ್ಯ ತಪ್ಪಿನ ಜಾಗವಲ್ಲ. ತಪ್ಪುವುದು ಕಾಲ. ನಿಮಿಷಕ್ಕೆ ಸುಮಾರು 112ರ ವೇಗದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ತೊಡೆ ತಟ್ಟುತ್ತ ಹಾಡನ್ನು ಕೇಳಿ. ಮೊದಲ ಮೂರು ಮೀಟುಗಳು ಒಂದು, ಎರಡು, ಮೂರರ ಮೇಲೆ ನೇರವಾಗಿ ಬೀಳುತ್ತವೆ. ಎರಡನೆಯ ಸಾಲು ಹಾಗಲ್ಲ. ಅದು ನಾಲ್ಕರ ಪೆಟ್ಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ, ಮುಂದಿನ ಆವರ್ತ ಶುರುವಾಗುವುದಕ್ಕೆ ಮೊದಲೇ ಹೊರಟುಬಿಡುತ್ತದೆ. ಅದರ ಮುಂದಿನ ಎರಡು ಮೀಟುಗಳೂ ಪೆಟ್ಟುಗಳ ನಡುವಿನ ಸಂದಿಯಲ್ಲೇ ಬಿದ್ದು, ಕೊನೆಯದು ಮಾತ್ರ ಮೂರರ ಮೇಲೆ ಬಂದು ನಿಲ್ಲುತ್ತದೆ. ಮೂರನೆಯ ಸಾಲು ಮತ್ತೆ ನೇರ. ಅದರ ಬಾಲ ಮತ್ತೆ ಸಂದಿಯಲ್ಲಿ. ಕೃತಿಯ ಎಡುಪು ಎಲ್ಲಿ ಎಂದು ಕೇಳಿಸಿಕೊಂಡು ಬೆಳೆದ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಈ ಲೆಕ್ಕ ಹೊಸದಲ್ಲ. ಹಾಡಿನ ಎಳೆತವಿರುವುದೆಲ್ಲ ಈ ನೇರ–ಓರೆಗಳ ಸರದಿಯಲ್ಲಿ. ಎಲ್ಲ ಮೀಟುಗಳನ್ನೂ ಪೆಟ್ಟಿನ ಮೇಲೆ ತಂದು ಕೂರಿಸಿದರೆ ಸ್ವರಗಳು ಸರಿಯಾಗಿಯೇ ಇರುತ್ತವೆ, ಹಾಡು ಸತ್ತಿರುತ್ತದೆ.

ಜೊತೆಗೆ ಮೌನ. ಮೊದಲ ಎರಡು ಮೀಟುಗಳು ಕತ್ತರಿಸಿದಂತೆ ತುಂಡಾಗಿ ನಿಲ್ಲಬೇಕು, ಮೂರನೆಯದು ಉಳಿಯಬೇಕು. ತಂತಿಯನ್ನು ಮೀಟಿದಷ್ಟೇ ನಿಖರವಾಗಿ ಅದರ ಬಾಯಿ ಮುಚ್ಚಿಸುವುದನ್ನೂ ಕಲಿಯಬೇಕಾಗುತ್ತದೆ. ಆ ಕೆಲಸಕ್ಕೆ ಯಾವ ಅಂಕಿಯೂ ಇಲ್ಲ.

ಅಂಕಿ ಎಂದದ್ದು ಟ್ಯಾಬ್ ಪದ್ಧತಿಯ ಅಂಕಿಯನ್ನು. ಆರು ತಂತಿಗೆ ಆರು ಗೆರೆ, ಗೆರೆಯ ಮೇಲೆ ಬರೆದ ಸಂಖ್ಯೆಯೇ ಒತ್ತಬೇಕಾದ ಫ್ರೆಟ್. ಸ್ಟಾಫ್ ನೊಟೇಶನ್ ಓದಲು ಬಾರದವರಿಗೂ ಎಟುಕುವ ಲಿಪಿ ಇದು. ಇದನ್ನು ಇಂಟರ್ನೆಟ್ ಕಾಲದ ಸೋಮಾರಿ ಆವಿಷ್ಕಾರವೆಂದು ಹೀಗಳೆಯುವವರು ಚರಿತ್ರೆ ನೋಡಬೇಕು. ವೆನಿಸ್ಸಿನಲ್ಲಿ ಒಟ್ಟಾವಿಯಾನೋ ಪೆಟ್ರೂಚಿ 1507ರಲ್ಲೇ ಫ್ರಾನ್ಚೆಸ್ಕೋ ಸ್ಪಿನಾಚಿನೋ ಅವರ ಲ್ಯೂಟ್ ಸಂಗೀತವನ್ನು ಈ ಬಗೆಯ ಲಿಪಿಯಲ್ಲಿ ಅಚ್ಚುಹಾಕಿದ್ದ. ಆದರೆ ಆ ಹಳೆಯ ಪುಸ್ತಕಗಳಲ್ಲಿ ಗೆರೆಗಳ ಮೇಲೆ ಕಾಲದ ಚಿಹ್ನೆಗಳಿರುತ್ತಿದ್ದವು: ಯಾವ ಸ್ವರ ಎಷ್ಟು ಹೊತ್ತು ಎಂಬುದು ಓದುಗನಿಗೆ ತಿಳಿಯುತ್ತಿತ್ತು.

1990ರ ದಶಕದಲ್ಲಿ ಕಂಪ್ಯೂಟರಿನ ಕೀಲಿಮಣೆಯಿಂದ ಅಡ್ಡಗೆರೆಗಳನ್ನು ಕುಟ್ಟಿ ಟ್ಯಾಬ್ ಬರೆಯುವುದು ಶುರುವಾದಾಗ ಈ ಚಿಹ್ನೆಗಳು ಉದುರಿಹೋದವು. 1992ರಲ್ಲಿ ಆರಂಭವಾದ ಆನ್-ಲೈನ್ ಗಿಟಾರ್ ಆರ್ಕೈವ್‌ನಂಥ ಭಂಡಾರಗಳಲ್ಲಿ ಅಭಿಮಾನಿಗಳೇ ಬರೆದು ತುಂಬಿದ ಸಾವಿರಾರು ಹಾಡುಗಳಿದ್ದವು. ಸಂಗೀತ ಪ್ರಕಾಶಕರ ಕಾನೂನು ನೋಟಿಸಿಗೆ ಮಣಿದು ಅದು 2006ರಲ್ಲಿ ಮುಚ್ಚಿತು. ಅದರ ಬರವಣಿಗೆಯ ಅಭ್ಯಾಸ ಮಾತ್ರ ಎಲ್ಲೆಡೆ ಉಳಿಯಿತು. ಐದು ಶತಮಾನದ ಹಿಂದಿನ ಲಿಪಿಯಲ್ಲಿದ್ದ ಅರ್ಧದಷ್ಟು ಮಾಹಿತಿ ಇಂದಿನ ಹಲವು ಟ್ಯಾಬ್‌ಗಳಲ್ಲಿ ಇಲ್ಲ. ಹಾಡನ್ನು ಮೊದಲೇ ಕಿವಿಯಲ್ಲಿ ತುಂಬಿಕೊಂಡವನಿಗೆ ಅದು ಕೊರತೆಯೇ ಅಲ್ಲ. ಅಂಥ ಟ್ಯಾಬ್ ಬರೆದವರ ಲೆಕ್ಕಾಚಾರವೂ ಅದೇ: ಹಾಡು ನಿನಗೆ ಗೊತ್ತಿದೆ, ಬೆರಳಿಡುವ ಜಾಗ ಮಾತ್ರ ಹೇಳುತ್ತೇನೆ. ಕಲಿಯುವವರು ಆ ಷರತ್ತನ್ನು ಮರೆತರು.

ಜಾಗವೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಡೀಪ್ ಪರ್ಪಲ್‌ಗೆ ಸ್ಟುಡಿಯೋ ಬಾಡಿಗೆ ಕೊಟ್ಟ ಅದೇ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರನ್ನೇ ನೋಡಿ. 'ಹಾಂಕಿ ಟಾಂಕ್ ವಿಮೆನ್', 'ಬ್ರೌನ್ ಶುಗರ್', 'ಸ್ಟಾರ್ಟ್ ಮಿ ಅಪ್' ಹಾಡುಗಳಿಗೆ ಅವರು ಗಿಟಾರನ್ನು ಮಾಮೂಲು ಶ್ರುತಿಯಲ್ಲಿ ಇಡುವುದೇ ಇಲ್ಲ. ಆರನೇ ತಂತಿಯನ್ನು ಕಿತ್ತುಹಾಕಿ ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಎಂದು ಕೂಡಿಸುತ್ತಾರೆ. ಮಾಮೂಲು ಶ್ರುತಿಗೆ ಹೊಂದಿಸಿ ಬರೆದ ಟ್ಯಾಬ್ ಹಿಡಿದು ಇವನ್ನು ನುಡಿಸಿದರೆ ಒಂದೊಂದು ಸ್ವರವೂ ಸರಿ, ಒಟ್ಟು ನಾದ ಬೇರೆಯವರದ್ದು. 'ಇದರಲ್ಲೇನೋ ಸರಿಯಿಲ್ಲ' ಎಂದು ಕಿವಿ ಗೊಣಗಿದರಷ್ಟೇ ಕಲಿಯುವವನು ಮುಂದಿನ ಪ್ರಶ್ನೆ ಕೇಳಿಯಾನು.

ಆ ತಲೆಮಾರಿನವರಿಗೆ ಕಿವಿಯನ್ನು ನಂಬದೆ ಗತ್ಯಂತರವಿರಲಿಲ್ಲ. ಲಿವರ್‌ಪೂಲಿನಲ್ಲಿ ಹುಡುಗರಾಗಿದ್ದಾಗ ಬಿ-ಸೆವೆನ್ ಎಂಬ ಒಂದೇ ಒಂದು ಕಾರ್ಡ್ ಬಲ್ಲ ಮನುಷ್ಯನಿದ್ದಾನೆಂದು ಕೇಳಿ, ಬಸ್ಸು ಹತ್ತಿ ಊರಿನ ಆಚೆ ತುದಿಗೆ ಹೋಗಿ ಕಲಿತುಬಂದ ಕಥೆಯನ್ನು ಪಾಲ್ ಮೆಕಾರ್ಟ್ನಿ ಹಲವು ಸಲ ಹೇಳಿದ್ದಾರೆ. ಉಳಿದದ್ದೆಲ್ಲ ರೆಕಾರ್ಡ್ ಪ್ಲೇಯರಿನ ಮುಂದೆ ಕೂತು. ಆ ಕಾಲದ ಹಲವು ಪ್ಲೇಯರುಗಳಲ್ಲಿ ನಿಮಿಷಕ್ಕೆ ಹದಿನಾರು ಚಿಲ್ಲರೆ ಸುತ್ತಿನ ವೇಗವೂ ಇತ್ತು. ಮೂವತ್ತಮೂರರ ಎಲ್‌ಪಿಯನ್ನು ಆ ವೇಗದಲ್ಲಿ ತಿರುಗಿಸಿದರೆ ಸಂಗೀತ ಸರಿಯಾಗಿ ಅರ್ಧಕ್ಕಿಳಿಯುತ್ತದೆ, ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಾಗುತ್ತದೆ. ಸ್ವರದ ಹೆಸರು ಬದಲಾಗದು. ಎಷ್ಟೋ ಗಿಟಾರಿಸ್ಟರು ವೇಗದ ಸೋಲೋಗಳನ್ನು ಬಿಡಿಸಿಕೊಂಡದ್ದು ಹೀಗೆ. ಇಂದು ಮೊಬೈಲಿನಲ್ಲಿ ಯೂಟ್ಯೂಬ್ ತೆರೆದರೆ ಶ್ರುತಿ ಕೆಡದಂತೆಯೇ ಅರ್ಧ ವೇಗದಲ್ಲಿ ಕೇಳಬಹುದು. ಕಿವಿಯಿಂದ ಕಲಿಯಲು ಇಂದಿನಷ್ಟು ಅನುಕೂಲದ ಕಾಲ ಹಿಂದೆಂದೂ ಇರಲಿಲ್ಲ. ವಿಚಿತ್ರವೆಂದರೆ ಆ ಅನುಕೂಲವನ್ನು ಬೆರಳು ನೋಡಲು ಬಳಸುವವರೇ ಹೆಚ್ಚು.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಗಿಟಾರ್ ಮೇಷ್ಟರೇ ಇಲ್ಲದ ಊರಿನ ಹುಡುಗಿಗೆ ಟ್ಯಾಬ್ ಮತ್ತು ವಿಡಿಯೋ ಪಾಠಗಳೇ ಗುರು. ಅವಳಿಂದ ಅವನ್ನು ಕಿತ್ತುಕೊಂಡು 'ಕಿವಿಯಿಂದ ಕಲಿ' ಎಂದು ಉಪದೇಶಿಸುವುದು ನಗರದವರ ದೊಡ್ಡಸ್ತಿಕೆಯಾದೀತು. ಬ್ಲ್ಯಾಕ್‌ಮೋರ್ ಕೂಡ ಸ್ವಯಂಭುವಲ್ಲ. ಹನ್ನೊಂದನೆಯ ವಯಸ್ಸಿಗೆ ಗಿಟಾರ್ ಕೊಡಿಸಿದ ಅವರ ತಂದೆ, ಸರಿಯಾದ ಪಾಠ ಹೇಳಿಸಿಕೊಳ್ಳಬೇಕೆಂಬ ಷರತ್ತು ಹಾಕಿದ್ದರು. ಹುಡುಗ ಒಂದು ವರ್ಷ ಶಾಸ್ತ್ರೀಯ ಗಿಟಾರ್ ಕಲಿತ. ಮೊದಲ ವಾರದಲ್ಲೇ ಏನಾದರೂ ನುಡಿಸಿದ ಖುಷಿ ಸಿಗದಿದ್ದರೆ ಬೆರಳ ತುದಿಯ ಉರಿ ತಾಳಲಾರದೆ ಎಷ್ಟೋ ಜನ ಗಿಟಾರನ್ನು ಅಟ್ಟಕ್ಕೆ ಸೇರಿಸುತ್ತಾರೆ ಎಂಬುದೂ ನಿಜ. ಆರನೇ ತಂತಿಯ ಆ ಸುಲಭ ಪಾಠ ಅವರನ್ನು ಉಳಿಸಿಕೊಂಡಿದ್ದರೆ ಅದಕ್ಕೊಂದು ನಮಸ್ಕಾರ.

ಆದರೆ ವಾದ ಟ್ಯಾಬ್ ಬೇಕೋ ಬೇಡವೋ ಎಂಬುದಲ್ಲ, ಯಾವುದು ಮೊದಲು ಎಂಬುದು. ರಿಫ್ಫನ್ನು ಮೊದಲು ಬಾಯಲ್ಲಿ ಗುನುಗಿ, ತಾಳ ಹಾಕಿ, ಅದರ ಮೊದಲ ಸ್ವರವನ್ನು ತಂತಿಯ ಮೇಲೆ ತಾನೇ ಹುಡುಕಿ, ಸಿಗದಿದ್ದಾಗ ಮಾತ್ರ ಹಾಳೆ ನೋಡಿದವಳಿಗೆ ಆ ಹಾಳೆ ಉತ್ತರವಾಗಿ ಒದಗುತ್ತದೆ. ಪ್ರಶ್ನೆಯೇ ಹುಟ್ಟದೆ ಹಾಳೆ ಹಿಡಿದವನಿಗೆ ಅದು ಬರೀ ಆಜ್ಞೆ. ಮೊದಲನೆಯವಳು ಹತ್ತು ಹಾಡು ಕಲಿಯುವ ಹೊತ್ತಿಗೆ ಹನ್ನೊಂದನೆಯದಕ್ಕೆ ಹಾಳೆಯ ಹಂಗು ಕಡಿಮೆಯಾಗಿರುತ್ತದೆ. ಎರಡನೆಯವನಿಗೆ ಪ್ರತಿ ಹಾಡೂ ಮೊದಲ ಹಾಡೇ.

ಹಾಳೆಯಿಂದ ಶುರುಮಾಡುವ ಅಭ್ಯಾಸದಿಂದಲೇ ಬೆಳೆದ ಇನ್ನೊಂದು ದೌರ್ಬಲ್ಯವೂ ಇದೆ: ಆರಂಭಗಳ ಸಂಗ್ರಹ. 'ಸ್ಮೋಕ್ ಆನ್ ದ ವಾಟರ್' ಐದು ನಿಮಿಷ ನಲವತ್ತು ಸೆಕೆಂಡಿನ ಹಾಡು. ಒಂಟಿ ಗಿಟಾರಿನಿಂದ ಶುರುವಾಗಿ, ಡ್ರಮ್ಸ್‌ನ ಹೈ-ಹ್ಯಾಟ್ ಮತ್ತು ಆರ್ಗನ್ ಸೇರಿ, ಆಮೇಲೆ ಉಳಿದ ಡ್ರಮ್ಸ್, ಆಮೇಲೆ ಬೇಸ್, ಕೊನೆಗೆ ಇಯಾನ್ ಗಿಲ್ಲನ್ ದನಿ. ಒಬ್ಬೊಬ್ಬರಾಗಿ ಬಂದು ಕೂರುವ ಈ ಕ್ರಮವೇ ಅದರ ನಾಟಕ. ದನಿ ಬಂದ ಮೇಲೆ ಗಿಟಾರ್ ರಿಫ್ ಬಿಟ್ಟು ಹಿಂದೆ ಸರಿಯುತ್ತದೆ. ಪಲ್ಲವಿಯಲ್ಲಿ ಸಿ ಮತ್ತು ಎ ಫ್ಲ್ಯಾಟ್ ಕಾರ್ಡುಗಳಿಗೆ ಜಿಗಿದು ಜಿಗೆ ಮರಳುತ್ತದೆ. ನಡುವೆ ಸೋಲೋ ಇದೆ. 1972ರದ್ದೇ ಆದ 'ಮೇಡ್ ಇನ್ ಜಪಾನ್' ನೇರಕಛೇರಿಯ ಆಲ್ಬಮ್ಮಿನಲ್ಲಿ ಬ್ಲ್ಯಾಕ್‌ಮೋರ್ ಆ ಸೋಲೋವನ್ನು ಬೇರೆಯದೇ ರೀತಿಯಲ್ಲಿ ನುಡಿಸಿದ್ದಾರೆ. ಟ್ಯಾಬ್ ಬರೆಯುವವರು ಯಾವುದನ್ನು 'ಸರಿ' ಎಂದು ಬರೆಯಬೇಕು? ಅಂಗಡಿಯಲ್ಲಿ ಮೊದಲ ನಾಲ್ಕು ಆವರ್ತ ನುಡಿಸಿ ಮುಂದಿನ ಹಾಡಿನ ಆರಂಭಕ್ಕೆ ಹಾರುವವನಿಗೆ ಇದ್ಯಾವುದೂ ತಿಳಿಯುವುದಿಲ್ಲ. ಅವನಿಗೆ ಇಪ್ಪತ್ತು ಹಾಡು ಗೊತ್ತು, ಒಂದೂ ಮುಗಿಯುವುದಿಲ್ಲ.

ಬೆಂಗಳೂರಿನವರಿಗೆ ಡೀಪ್ ಪರ್ಪಲ್ ದೂರದ ಹೆಸರಲ್ಲ. 2001ರಲ್ಲಿ ತಂಡ ಅರಮನೆ ಮೈದಾನದಲ್ಲಿ ನುಡಿಸಿತ್ತು. ಆಗ ಬ್ಲ್ಯಾಕ್‌ಮೋರ್ ತಂಡದಲ್ಲಿರಲಿಲ್ಲ, ಅವರ ಜಾಗದಲ್ಲಿ 1994ರಿಂದ ಸ್ಟೀವ್ ಮೋರ್ಸ್ ಇದ್ದರು. ಬ್ಲ್ಯಾಕ್‌ಮೋರ್ ಶೈಲಿಯನ್ನು ನಕಲು ಮಾಡದೆಯೂ ಅದೇ ರಿಫ್ಫಿನ ಭಾರ ಹೊತ್ತ ಕಲಾವಿದ ಅವರು.

ಇಂದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಗಿಟಾರ್ ಕಲಿಯುವ ಮಕ್ಕಳಲ್ಲಿ ಅನೇಕರು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಿಗೆ ಕೂರುತ್ತಾರೆ. ಅದರ ರಾಕ್ ಆ್ಯಂಡ್ ಪಾಪ್ ವಿಭಾಗದಲ್ಲಿ ಇಡೀ ಹಾಡುಗಳನ್ನು ಹಿನ್ನೆಲೆ ಟ್ರ್ಯಾಕ್ ಜೊತೆ ನುಡಿಸಬೇಕು. ಕೇಳಿದ್ದನ್ನು ಮರಳಿ ನುಡಿಸುವ ಅಥವಾ ಸ್ಥಳದಲ್ಲೇ ಕಟ್ಟಿ ನುಡಿಸುವ ಪರೀಕ್ಷೆಯೂ ಇದೆ. ಪರೀಕ್ಷೆಗಳ ಬಗ್ಗೆ ಯಾರಿಗೆ ಏನೇ ತಕರಾರಿದ್ದರೂ ಈ ಒಂದು ವಿಷಯದಲ್ಲಿ ಅವು ಸರಿ ದಾರಿಯಲ್ಲಿವೆ. ಸರಳೆ, ಜಂಟಿ ವರಸೆಗಳನ್ನು ಇಂದಿಗೂ ಪುಸ್ತಕಕ್ಕಿಂತ ಮೊದಲು ಗುರುವಿನ ಬಾಯಿಂದ ಕೇಳಿ ಕಲಿಸುವ ನಾಡಿನಲ್ಲಿ, ಗಿಟಾರ್ ತರಗತಿ ಮಾತ್ರ ಝೆರಾಕ್ಸ್ ಹಾಳೆಯಿಂದ ಶುರುವಾಗಬೇಕಾದ ಕಾರಣವಿಲ್ಲ.

ಆದ್ದರಿಂದ ಗಿಟಾರ್ ಕಲಿಸುವವರಲ್ಲಿ ಒಂದು ಕೋರಿಕೆ. ಮೊದಲ ತರಗತಿಯಲ್ಲಿ ಟ್ಯಾಬ್ ಹಂಚುವುದನ್ನು ಒಂದು ವಾರ ಮುಂದೂಡಿ. ಮಕ್ಕಳಿಗೆ ಹಾಡನ್ನು ಪೂರ್ತಿ ಕೇಳಿಸಿ, ತಾಳ ಹಾಕಿಸಿ, ರಿಫ್ಫನ್ನು ಬಾಯಲ್ಲಿ ಹಾಡಿಸಿ. ಆಮೇಲೆ ಆರನೇ ತಂತಿಯನ್ನು ಬಿಟ್ಟು ಮೂರು ಮತ್ತು ನಾಲ್ಕನೇ ತಂತಿಗಳಲ್ಲಿ ಆ ಜೋಡಿಗಳನ್ನು ಹುಡುಕಲು ಹೇಳಿ, ಸಿಕ್ಕ ಮೇಲೆ ಮೂಲ ರೆಕಾರ್ಡನ್ನು ಹಾಕಿ ಅದರ ಜೊತೆಗೇ ನುಡಿಸಲು ಬಿಡಿ. ಐದು ನಿಮಿಷ ನಲವತ್ತು ಸೆಕೆಂಡು ಪೂರ್ತಿ ಮುಗಿಯುವವರೆಗೆ ಎರಡನೆಯ ಹಾಡನ್ನು ಶುರುಮಾಡಿಸಬೇಡಿ.